ಔಷಧಿ ಅಜ್ಜನ ಸ್ನಾನ

ಊರವರ ಹೊಲಗಳಿಗೆಲ್ಲ ಕಳೆನಾಶಕ, ಕೀಟನಾಶಕ ಹೊಡೆಯುತ್ತಿದ್ದವನಿಗೆ ಔಷಧಿ ಅಜ್ಜ ಎಂದೇ ಹೆಸರು. ಗಾಳಿ ಎದ್ದರೆ ಸಾಕು, ಬೆನ್ನಿನ ಪಂಪು ಇಳಿಸಿಬಿಡುತ್ತಿದ್ದ. ಹೊಲದ ಯಜಮಾನ ಗೊಣಗಿದರೆ, "ಗಾಳಿ ಬಂದಾಗ ತೂರ್ಕೊಳ್ಳೋದು ಕಾಳಿಗೆ ಸರಿ ಕಣಯ್ಯಾ, ವಿಷಕ್ಕಲ್ಲ!" ಎಂದು ರೇಗುತ್ತಿದ್ದ. ಮನೆಗೆ ಬಂದರೂ ಅಷ್ಟೇ. ಓಡಿಬರುವ ಮೊಮ್ಮಗಳನ್ನು "ಮುಟ್ಬೇಡ, ಸ್ನಾನ ಆಗ್ಲಿ" ಎಂದು ಅಂಗಳದಲ್ಲೇ ತಡೆದು, ಬಟ್ಟೆ ಬೇರೆ ನೆನೆಸಿ, ಮಿಂದ ಮೇಲೆಯೇ ಎತ್ತಿಕೊಳ್ಳುತ್ತಿದ್ದ.

ಸೊಂಟ ಸೋತ ಮೇಲೆ ಒಂದು ದಿನ ಪಂಪನ್ನು ಅಳಿಯನಿಗೆ ಒಪ್ಪಿಸಿ, ಬರಿಗೈಯಲ್ಲಿ ಮನೆಗೆ ಬಂದ. ಮೊದಲ ಬಾರಿಗೆ ಅಂಗಳದಲ್ಲೇ ತೋಳು ಚಾಚಿದ. ಮೊಮ್ಮಗಳು ಥಟ್ಟನೆ ಹಿಂದೆ ಸರಿದಳು.

"ಅಜ್ಜಾ, ಸ್ನಾನ ಆಯ್ತಾ?"

ಅಂದು ಮೈಮೇಲೆ ವಿಷದ ಹನಿಯೂ ಇರಲಿಲ್ಲ. ಆದರೂ ಅಜ್ಜ ಬಚ್ಚಲಿಗೆ ನಡೆದ. ಟವೆಲ್ ಹಿಡಿದ ಮೊಮ್ಮಗಳು ಬಾಗಿಲಾಚೆ ಕಾಯುತ್ತ ನಿಂತಳು.