ಗೆರೆಯ ಹೊರಗಿದ್ದ ಎರಡು ಸ್ಟಿಕ್ಕು

ನಮ್ಮ ಹಾಕಿ ಕ್ಲಬ್ಬಿನಲ್ಲಿ ಯಾವ ತೀರ್ಮಾನಕ್ಕೂ ಕೈ ಎತ್ತಿಸುವ ಪದ್ಧತಿ ಇಲ್ಲ. ಹಿಂದೆ ಇತ್ತಂತೆ. ಒಬ್ಬ ಎತ್ತಿದರೆ ಪಕ್ಕದವನು ಅವನ ಮುಖ ನೋಡಿಕೊಂಡು ಎತ್ತುವುದು, ಎತ್ತದವನ ಜೊತೆ ವಾರಗಟ್ಟಲೆ ಮಾತು ಬಿಡುವುದು, ಇದೇ ಆಗುತ್ತಿತ್ತು. ಅದಕ್ಕೆ ಹಿರಿಯರು ಒಂದು ದಾರಿ ಕಂಡುಕೊಂಡರು. ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಗೋಲ್ ಪೋಸ್ಟಿಗೆ ಬೆನ್ನು ಹಾಕಿ ಕೂರಬೇಕು. ಒಬ್ಬೊಬ್ಬರಾಗಿ ಎದ್ದು ಹೋಗಿ ತಮ್ಮ ಸ್ಟಿಕ್ ಇಟ್ಟು ಬರಬೇಕು. ಒಪ್ಪಿಗೆಯಿದ್ದರೆ ಗೋಲಿನ ಗೆರೆಯ ಒಳಗೆ, ಇಲ್ಲದಿದ್ದರೆ ಹೊರಗೆ. ಕೊನೆಗೆ ಸೆಕ್ರೆಟರಿ ಹೋಗಿ ತನ್ನದನ್ನೂ ಇಟ್ಟು, ಯಾವ ಕಡೆ ಜಾಸ್ತಿ ಎಂದು ನೋಡಿ, ಎಲ್ಲವನ್ನೂ ಒಟ್ಟಿಗೆ ಬಾಚಿಕೊಂಡು ಬರಬೇಕು. ಹೀಗೆ ಮಾಡಿದರೆ ಯಾರದು ಎಲ್ಲಿತ್ತೆಂದು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ಲೆಕ್ಕ.

ಆ ಕಾಲಕ್ಕೆ ಸ್ಟಿಕ್ಕುಗಳೆಲ್ಲ ಒಂದೇ ತರಹ ಇದ್ದವು. ಈಗ ಹಾಗಿಲ್ಲ. ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ನನಗೊಂದು ಬೈಕ್ ಸೀಟ್ ಕವರ್ ಹೊಲಿಯುವ ಅಂಗಡಿ ಇದೆ. ಉಳಿದ ರೆಕ್ಸಿನ್ ಚೂರುಗಳಲ್ಲಿ ಟೀಮಿನ ಎಲ್ಲರ ಸ್ಟಿಕ್ಕಿಗೂ ಗ್ರಿಪ್ ಸುತ್ತಿಕೊಡುವವನು ನಾನೇ. ಒಬ್ಬನದು ಹಸಿರು, ಒಬ್ಬನದು ನೀಲಿ, ಇನ್ನೊಬ್ಬನದು ಚಿರತೆ ಚುಕ್ಕೆ. ಗೋಲಿನ ಮುಂದೆ ಹೋಗಿ ನಿಂತರೆ ಯಾರು ಏನು ಹೇಳಿದ್ದಾರೆಂದು ಮುಖ ನೋಡಿದಷ್ಟೇ ಸ್ಪಷ್ಟವಾಗಿ ಗೊತ್ತಾಗುತ್ತದೆ. ನೋಡಿದರೂ ನೋಡದವರ ಹಾಗೆ ಇರುವುದೇ ನಮ್ಮಲ್ಲಿ ಈಗ ಮರ್ಯಾದೆ.

ಈಗಿನ ಸೆಕ್ರೆಟರಿ ನಾನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೈ ಕೆಲಸದಲ್ಲಿ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ, ಯಾರ ಹತ್ತಿರವೂ ಕೈ ಚಾಚಲಿಲ್ಲ. ಆದರೆ ಲೀಗಿನ ಪಟ್ಟಿಯಲ್ಲಿ ನಮ್ಮ ಕ್ಲಬ್ಬಿನ ಹೆಸರನ್ನು ಮೊದಲ ಸಲ ಮೇಲಿನ ಡಿವಿಷನ್ನಿನಲ್ಲಿ ಓದಿದಾಗ ಎದೆಯಲ್ಲಿ ಆದದ್ದು, ಮನೆ ಗೃಹಪ್ರವೇಶದ ದಿನವೂ ಆಗಿರಲಿಲ್ಲ. ಬ್ಯಾಂಕುಗಳು, ಕಾರ್ಖಾನೆಗಳು, ಇಲಾಖೆಗಳು ಆಡುವ ಡಿವಿಷನ್ ಅದು. ಅವುಗಳ ನಡುವೆ ನಾವು: ಒಂದು ಮಣ್ಣಿನ ಮೈದಾನ, ಅದರಲ್ಲೂ ಅರ್ಧ ಕ್ರಿಕೆಟ್ ಹುಡುಗರದು, ಮಿಕ್ಕಿದ್ದರಲ್ಲಿ ವಾಕಿಂಗ್ ಬರುವ ಅಂಕಲ್‌ಗಳು.

ನಮ್ಮನ್ನು ಮೇಲೆ ಹತ್ತಿಸಿದವರು ಇಬ್ಬರು. ಕತ್ರಿಗುಪ್ಪೆಯವನೊಬ್ಬ, ಮನೆಮನೆಗೆ ಊಟ ತಲುಪಿಸುವ ಕೆಲಸ. ಇನ್ನೊಬ್ಬ ನಮ್ಮ ಸಾರಕ್ಕಿಯವನೇ, ಬಾಳೆಹಣ್ಣಿನ ಮಂಡಿಯಲ್ಲಿ ಗೊನೆ ಇಳಿಸುವವನು. ಪೆನಾಲ್ಟಿ ಕಾರ್ನರ್ ಸಿಕ್ಕಿತೆಂದರೆ, ಗೆರೆಯಿಂದ ಬರುವ ಬಾಲನ್ನು ಮಂಡಿಯವನು ಅಲುಗಾಡದಂತೆ ನಿಲ್ಲಿಸುತ್ತಿದ್ದ, ಕತ್ರಿಗುಪ್ಪೆಯವನು ಹೊಡೆಯುತ್ತಿದ್ದ. ನಮ್ಮ ಗೋಲುಗಳಲ್ಲಿ ಮುಕ್ಕಾಲು ಪಾಲು ಹಾಗೆ ಬಂದವು.

ಹಾಗೆ ಮೇಲೆ ಹತ್ತಿದ ಸೀಸನ್ ಮುಗಿದ ಮೇಲೆ ಒಂದು ಕಾರ್ಖಾನೆ ಟೀಮಿನ ಕೋಚ್ ನನ್ನ ಅಂಗಡಿಗೆ ಬಂದರು. ಸೀಟ್ ಹೊಲಿಸುವುದಕ್ಕಲ್ಲ ಎಂದು ಅವರ ಶೂ ನೋಡಿಯೇ ಗೊತ್ತಾಯಿತು.

“ಇಬ್ಬರನ್ನ ಬಿಟ್ಕೊಡ್ತೀರಾ ಸಾರ್?” ಎಂದರು.

“ಯಾರನ್ನ?”

“ಯಾರನ್ನ ಅಂತ ನಿಮಗೂ ಗೊತ್ತು. ಪರ್ಮನೆಂಟ್ ಕೆಲಸ ಕೊಡ್ತೀವಿ. ಇಬ್ಬರಿಗೂ.”

ಕ್ಲಬ್ ಸಹಿ ಹಾಕಿ ಬಿಟ್ಟುಕೊಡದೆ ಅವರು ಬೇರೆ ಟೀಮಿಗೆ ಆಡುವಂತಿಲ್ಲ. ಆಡದಿದ್ದರೆ ಕೆಲಸವೂ ಇಲ್ಲ. ಬರುವ ಸೋಮವಾರದೊಳಗೆ ಉತ್ತರ ಬೇಕೆಂದು ಹೇಳಿ ಹೋದರು.

ಆ ಇಬ್ಬರೂ ನನ್ನ ಹತ್ತಿರ ಏನೂ ಕೇಳಲಿಲ್ಲ. ಎಂದಿನಂತೆ ಅಂಗಡಿಗೆ ಬಂದರು, ಟೀ ಕುಡಿದರು, ಕೋಚ್ ಬಂದ ವಿಷಯ ಎತ್ತಲಿಲ್ಲ. ಕತ್ರಿಗುಪ್ಪೆಯವನು ಮಾತ್ರ ಹೋಗುವಾಗ ಬಾಗಿಲಲ್ಲಿ ನಿಂತು, “ಅಣ್ಣ, ನೀವು ಬೇಡ ಅಂದ್ರೆ ಹೋಗಲ್ಲ, ಟೆನ್ಶನ್ ತಗೋಬೇಡಿ” ಎಂದ. ಅವನಿಗೆ ಆಗ ಮಗಳು ಹುಟ್ಟಿ ಇನ್ನೂ ಹೆಸರಿಟ್ಟಿರಲಿಲ್ಲ. ಕೇಳಿದ್ದರೆ ಬೈದುಬಿಡಬಹುದಿತ್ತು. ಕೇಳದವನನ್ನು ಏನು ಮಾಡುವುದು?

ಇಟ್ಟುಕೊಳ್ಳಬೇಕು ಎಂಬುದೇ ನನ್ನ ಮನಸ್ಸಾಗಿತ್ತು. ಅದು ತಪ್ಪೆಂದು ಈಗಲೂ ಹೇಳುವುದಿಲ್ಲ. ಇಬ್ಬರೂ ಹೋದರೆ ಟೀಮ್ ಕೆಳಗಿಳಿಯುವುದು ಖಂಡಿತ. ಅಷ್ಟು ವರ್ಷ ಮಣ್ಣು ತಿಂದು ಹತ್ತಿದ ಮೆಟ್ಟಿಲು ಅದು. ಒಂದೇ ಒಂದು ವರ್ಷ ಅವರು ನಿಂತರೆ ಸಾಕು, ಹೊಸಬರು ತಯಾರಾಗುತ್ತಾರೆ ಎಂದು ಮನೆಯಲ್ಲಿ ಹೇಳಿದೆ.

ಹೆಂಡತಿ ಹುರುಳಿಕಾಯಿ ಬಿಡಿಸುತ್ತಿದ್ದಳು. “ಇಟ್ಕೊಳ್ಳೋದು ಇಟ್ಕೊಳ್ಳೋದು ಅಂತೀರಲ್ಲ, ಅವರೇನು ನಿಮ್ಮ ಹೊಲಿಗೆ ಮಿಷಿನ್ನಾ?” ಎಂದಳು. ಇನ್ನೊಂದು ಕಾಯಿ ಮುರಿದು, “ಮಿಷಿನ್ನಿಗಾದ್ರೆ ವಾರಕ್ಕೊಂದ್ಸಲ ಎಣ್ಣೆ ಬಿಡ್ತೀರ” ಎಂದು ಸೇರಿಸಿದಳು.

ಭಾನುವಾರ ಬಂತು. ಪ್ರಾಕ್ಟೀಸ್ ಮುಗಿಯಿತು. ಇಬ್ಬರನ್ನೂ ಬಿಟ್ಟುಕೊಡಲು ಒಪ್ಪಿಗೆಯಿದ್ದವರು ಸ್ಟಿಕ್ ಒಳಗಿಡಿ, ಇಲ್ಲದವರು ಹೊರಗಿಡಿ ಎಂದು ಹೇಳಿದೆ. ಆ ಇಬ್ಬರು ಇಡಬಹುದೋ ಇಲ್ಲವೋ ಎಂದು ಯಾರೋ ಕೇಳಿದರು. ಶ್ರೀನಗರದಿಂದ ಬರುವ ನಮ್ಮ ಗೋಲ್ ಕೀಪರ್, “ಅವರೂ ಮೆಂಬರ್ ತಾನೆ ಗುರು, ಇಡ್ಲಿ ಬಿಡು” ಎಂದ. ಎಲ್ಲರೂ ಬೆನ್ನು ತಿರುಗಿಸಿ ಕೂತರು. ಒಬ್ಬೊಬ್ಬರೇ ಹೋಗಿ ಬಂದರು. ಆ ಇಬ್ಬರೂ ಎಲ್ಲರಿಗಿಂತ ಹಿಂದೆ ಉಳಿದು, ಕೊನೆಯಲ್ಲಿ ಹೋಗಿ ಬಂದರು. ಆಮೇಲೆ ನನ್ನ ಪಾಳಿ.

ಕೈಯಲ್ಲಿ ಸ್ಟಿಕ್ ಹಿಡಿದು, ಹೊರಗಿಡುವುದೆಂದು ನಿರ್ಧರಿಸಿಕೊಂಡೇ ನಡೆದೆ.

ಗೆರೆಯ ಒಳಗೆ ಹಸಿರು, ನೀಲಿ, ಚಿರತೆ ಚುಕ್ಕೆ ಎಲ್ಲವೂ ಮಲಗಿದ್ದವು. ಗೋಲ್ ಕೀಪರಿನ ಅಗಲವಾದ ಸ್ಟಿಕ್ ಎಲ್ಲಕ್ಕಿಂತ ಒಳಗಿತ್ತು, ಹಿಂದಿನ ಹಲಗೆಗೆ ತಾಗಿಕೊಂಡು. ಇವರಿಬ್ಬರು ಹೋದರೆ ಪ್ರತಿ ಮ್ಯಾಚಿನಲ್ಲೂ ಗೋಲು ತಿನ್ನಬೇಕಾದವನು ಅವನು. ಮುಂದಿನ ವರ್ಷ ತನಗೂ ಯಾವುದಾದರೂ ದೊಡ್ಡ ಟೀಮು ಸಿಗಬಹುದೆಂದು ಆಸೆ ಇಟ್ಟುಕೊಂಡಿದ್ದವನು. ಕೆಳಗಿನ ಡಿವಿಷನ್ನಿನ ಆಟಗಾರರನ್ನು ನೋಡಲು ಯಾವ ಕೋಚೂ ಬರುವುದಿಲ್ಲ.

ಹೊರಗೆ ಎರಡೇ ಇದ್ದವು. ಒಂದಕ್ಕೆ ಕಂದು ರೆಕ್ಸಿನ್, ಕತ್ರಿಗುಪ್ಪೆಯವನದು; ಇನ್ನೊಂದಕ್ಕೆ ಕೆಂಪು, ಮಂಡಿಯವನದು. ಬಿಟ್ಟುಕೊಡಬೇಡಿ ಎಂದು ಹೇಳಿದವರು ಆ ಇಬ್ಬರು ಮಾತ್ರ. ಉಳಿದ ಸ್ಟಿಕ್ಕುಗಳೆಲ್ಲ ಒಳಗಿರುವುದನ್ನು ಕಣ್ಣಾರೆ ಕಂಡ ಮೇಲೂ ತಮ್ಮದನ್ನು ಹೊರಗಿಟ್ಟು ಹೋಗಿದ್ದರು.

ಹಿಂದಿನಿಂದ ಯಾರೋ ಕೆಮ್ಮಿದರು. ಗಾಳಿಗೆ ಮಣ್ಣು ಹಾರಿ ಕಣ್ಣಿಗೆ ಬಿತ್ತು ಎಂದುಕೊಂಡು ಕಣ್ಣು ಒರೆಸಿಕೊಂಡೆ. ನನ್ನ ಸ್ಟಿಕ್ಕನ್ನು ಒಳಗೆ, ಕೀಪರಿನದರ ಪಕ್ಕದಲ್ಲಿ ಇಟ್ಟೆ. ಎಲ್ಲವನ್ನೂ ಬಾಚಿ ತೋಳಿಗೆ ತುಂಬಿಕೊಂಡು ಬಂದೆ.

“ಯಾವ ಕಡೆ ಜಾಸ್ತಿ ಅಣ್ಣ?” ಕತ್ರಿಗುಪ್ಪೆಯವನೇ ಕೇಳಿದ.

“ಒಳಗೆ.”

“ಹೊರಗೆ ಎಷ್ಟಿತ್ತು?”

“ಅದನ್ನ ಹೇಳೋ ಪದ್ಧತಿ ಇಲ್ಲ.”

ಕೀಪರ್ ಶೂ ಲೇಸ್ ಬಿಚ್ಚುತ್ತಾ ತಲೆ ಎತ್ತದೆಯೇ, “ಯಾರೋ ಇಬ್ಬರು ದಡ್ಡರು ಇಟ್ಟಿರ್ತಾರೆ ಬಿಡಣ್ಣ” ಎಂದ. ಎಲ್ಲರೂ ನಕ್ಕರು. ಆ ಇಬ್ಬರು ಮಾತ್ರ ನೆಲ ನೋಡಿಕೊಂಡು ಕೂತಿದ್ದರು. ಆಮೇಲೆ ಮಂಡಿಯವನು, “ನೀನು ಗೋಲು ತಿಂತೀಯಲ್ಲೋ ಮಗಾ” ಎಂದು ಕೀಪರಿಗೆ ಹೇಳಿದ. “ತಿಂತೀನಿ. ಹೊಟ್ಟೆ ದೊಡ್ಡದಿದೆ” ಎಂದ ಅವನು.

ಸೋಮವಾರ ಬೆಳಿಗ್ಗೆ ಸಹಿ ಹಾಕಿದೆ. ನನ್ನ ಸಹಿ ಚೆನ್ನಾಗಿದೆ, ಶಾಲೆಯಲ್ಲಿ ಕಲಿತಷ್ಟರಲ್ಲಿ ಅಕ್ಷರ ಮಾತ್ರ ಕೆಡಲಿಲ್ಲ. ಆ ದಿನ ಇನ್ನೂ ಚೆನ್ನಾಗಿ ಹಾಕಿದೆ.

ಮುಂದಿನ ಸೀಸನ್ನಿನಲ್ಲಿ ಅವರ ಕಾರ್ಖಾನೆ ಟೀಮಿನ ಎದುರೂ ಆಡಿದೆವು. ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹೊಸ ಜೆರ್ಸಿ ಹಾಕಿದ್ದರೂ ಇಬ್ಬರೂ ನಿಂತ ರೀತಿ ಅದೇ. ಒಬ್ಬ ನಿಲ್ಲಿಸಿದ, ಒಬ್ಬ ಹೊಡೆದ. ಬಾಲು ಕೀಪರಿನ ಎಡಗಾಲಿನ ಪ್ಯಾಡಿಗೆ ಬಡಿದು ಹೊರಗೆ ಹೋಯಿತು. ಸೀಟಿನ ಫೋಮ್ ಇಟ್ಟು ಆ ಪ್ಯಾಡ್ ಹೊಲಿದವನು ನಾನು. ಹೊಡೆದವನು ಓಡಿಬಂದು ಅದೇ ಪ್ಯಾಡನ್ನು ಸ್ಟಿಕ್ಕಿನಿಂದ ಮೆಲ್ಲಗೆ ತಟ್ಟಿಹೋದ. ಅದಾದ ಮೇಲೆ ಹೊಡೆದದ್ದು ಒಳಗೆ ಹೋಯಿತು, ಅದಾದ ಮೇಲಿನದೂ ಹೋಯಿತು. ಸೀಸನ್ ಮುಗಿಯುವ ಹೊತ್ತಿಗೆ ನಾವು ಕೆಳಗಿಳಿದೆವು. ಈಗ ಅಲ್ಲೇ ಇದ್ದೇವೆ. ಹತ್ತುತ್ತೇವೆ, ಅದೇನು ದೊಡ್ಡದಲ್ಲ.

ಆ ಮೆಟ್ಟಿಲು ಹೋಯಿತೆಂಬ ನೋವು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ನೆನಪಾಗುವುದು ಪಟ್ಟಿಯಲ್ಲಿ ಓದಿದ ಹೆಸರಲ್ಲ. ಗೆರೆಯ ಒಳಗೆ ಮಲಗಿದ್ದ ಅಷ್ಟೂ ಸ್ಟಿಕ್ಕು, ಹೊರಗಿದ್ದ ಆ ಎರಡು. ನನ್ನ ಕೈಯಲ್ಲಿ ಸುತ್ತಿದ ಗ್ರಿಪ್ ಹಿಡಿದವರು ಇಂಥವರು ಎಂದು ನೆನೆದರೆ ಹೊಟ್ಟೆ ತುಂಬುತ್ತದೆ. ಯಾರಿಗೆ ಕೈ ಮುಗಿಯಬೇಕೋ ತಿಳಿಯುವುದಿಲ್ಲ, ಮಿಷಿನ್ನಿಗೆ ಮುಗಿದು ಕೆಲಸ ಶುರುಮಾಡುತ್ತೇನೆ.

ಮೊನ್ನೆ ಇಬ್ಬರೂ ಬಂದಿದ್ದರು. ಒಬ್ಬೊಬ್ಬರ ಕೈಯಲ್ಲೂ ಕಾರ್ಖಾನೆ ಕೊಟ್ಟ ಹೊಸ ಸ್ಟಿಕ್, ಅದರ ಗ್ರಿಪ್ಪಿನ ಹೊಳಪೂ ಹೋಗಿರಲಿಲ್ಲ.

“ಇದು ಜಾರತ್ತೆ ಅಣ್ಣ,” ಎಂದ ಕತ್ರಿಗುಪ್ಪೆಯವನು.

ಮುಟ್ಟಿ ನೋಡಿದೆ. ಜಾರುವ ಗ್ರಿಪ್ ಅದಲ್ಲ. ಎರಡನ್ನೂ ಬಿಚ್ಚಿ ಪಕ್ಕಕ್ಕಿಟ್ಟು, ಚೂರುಗಳ ಚೀಲದಲ್ಲಿ ಕಂದು ಮತ್ತು ಕೆಂಪು ರೆಕ್ಸಿನ್ ಹುಡುಕತೊಡಗಿದೆ.