ತಾಯಿಯ ವಾರದಲ್ಲೇ ನಡುಗಿದ ಕೈ

ಹೋದ ವರ್ಷ ಯುಗಾದಿ ಮುಗಿದ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ಎಲ್ಲ ದಿನವೂ ಅಲ್ಲ, ಗುಡ್ಡದ ಎಲ್ಲಮ್ಮ ತಾಯಿಯ ವಾರಗಳಾದ ಮಂಗಳವಾರ, ಶುಕ್ರವಾರ ಮಾತ್ರ. ತಾಯಿಯನ್ನು ನಂಬಿದವರೆಲ್ಲ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಮುರಗೋಡದ ಗೌಂಡಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟು ಇಟ್ಟಿಗೆ ಹೊತ್ತವನು. ನಾನು ಕಟ್ಟಿದ ಗೋಡೆ ಇವತ್ತಿಗೂ ಒಂದೂ ಬಿರಿದಿಲ್ಲ.

ಆ ಎರಡು ದಿನ ನಾನು ಸೆರೆ ಕುಡಿಯುತ್ತಿರಲಿಲ್ಲ. ಉಳಿದ ದಿನ ಬೆಳಿಗ್ಗೆ ಮೈ ಸಡಿಲಾಗಲೆಂದು ಒಂದು ಪಾಕೀಟು, ಕೆಲಸ ಬಿಟ್ಟ ಮೇಲೆ ಎರಡು. ವಾರ ಹಿಡಿಯುವವನು ಕುಡುಕ ಹೇಗಾದಾನು ಎಂದು ಎದೆ ಸೆಟೆಸಿ ಹೇಳುತ್ತಿದ್ದೆ. ಬರಬರುತ್ತ ಶುಕ್ರವಾರ ನಾಲ್ಕು ಗಂಟೆಗೇ ಮನೆಗೆ ಬಂದು, "ದೀಪಾ ಹಚ್ಚ, ವಾರ ಮುಗೀಲಿ" ಎನ್ನತೊಡಗಿದೆ. ಸಂಜೆಯ ದೀಪ ಹಚ್ಚಿದರೆ ವಾರ ಮುಗಿದ ಲೆಕ್ಕ, ಆಮೇಲೆ ಕುಡಿಯಬಹುದು.

"ಹೊತ್ತ ಇನ್ನೂ ಮ್ಯಾಲೈತ್ರಿ. ತಾಯಿಗಿ ಕಣ್ಣಿಲ್ಲೇನ್ರಿ? ಈ ಕುಡಿತ ಚಲೋ ಅಲ್ರಿ" ಎಂದಳು ಹೆಂಡತಿ ಶಾಂತವ್ವ.

"ದೀಪದ ಮುಂದ ಕುಡಿತದ ಮಾತ ಆಡಿ ಮೈಲಿಗಿ ಮಾಡಬ್ಯಾಡ" ಎಂದು ಗದರಿದೆ.

ಜೊತೆ ಗೌಂಡಿ ಫಕೀರಪ್ಪ, "ಮಾಮಾ, ಗ್ವಾಡಿ ನೆಟ್ಟಗ ಐತಿ, ನೀ ಒಬ್ಬನ ವಾಲ್ಯಾಡಾಕ ಹತ್ತಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ತಾಯಿ ಮುನಿದಿದ್ದಾಳೆ, ಶಾಂತವ್ವನ ಮಡಿಯಲ್ಲೇ ಏನೋ ತಪ್ಪಾಗಿದೆ ಎಂದು ಆಕೆಯ ಮೇಲೆ ಹಾಕಿದೆ. ಆಕೆ ಎರಡೂ ವಾರ ಉಪವಾಸ ಹಿಡಿದಳು, ಹುಣ್ಣಿಮೆಗೆ ಬರಿಗಾಲಲ್ಲಿ ಗುಡ್ಡಕ್ಕೆ ನಡೆದಳು. ಬಳೆ ಮೊಣಕೈಗೆ ಸರಿಯುವಷ್ಟು ಸೊರಗಿದಳು. ನಾನು ಅದನ್ನು ಭಕ್ತಿ ಎಂದುಕೊಂಡು ಸುಮ್ಮನಿದ್ದೆ.

ಒಂದು ಶುಕ್ರವಾರ ನೀರಿನ ಕೊಡದ ಜೊತೆಗೇ ಅಂಗಳದಲ್ಲಿ ಬಿದ್ದಳು. ಬೈಲಹೊಂಗಲದ ಬಸ್ಸಿನಲ್ಲಿ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. "ತಾಯಿ, ತಪ್ಪು ಯಾರದು ತೋರಿಸು" ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ಆಕೆಗೆ ಸಲಾಯಿನ್ ಹಚ್ಚಿ, ಡಾಕ್ಟರಬಾಯಿ ನನ್ನ ಕೈಗೆ ಸಹಿಯ ಕಾಗದ ಕೊಟ್ಟರು. ಪೆನ್ನು ನಿಲ್ಲಲಿಲ್ಲ.

"ಕೈ ಯಾವಾಗಿಂದ ಹಿಂಗ್ರಿ?"

"ತಾಯಿ ವಾರ ಅಷ್ಟರಿ ಬಾಯೋರ. ಆಕಿ ಸಿಟ್ಟಾಗ್ಯಾಳ."

"ಆ ದಿನ ಏನ ಬಿಡ್ತೀರಿ?"

"ಸೆರೆ ಅಷ್ಟ ಬಿಡ್ತೇನ್ರಿ."

ಅವರು ನನ್ನ ಕೈ ಹಿಡಿದು ನೋಡಿದರು. "ಇದು ತಾಯಿ ಸಿಟ್ಟಲ್ರಿ. ನಿಮ್ಮ ಮೈ ಸೆರೆ ಕೇಳಾಕ ಹತ್ತೈತಿ. ಬೆಳಿಗ್ಗೇನ ಬೇಕಾಗೂದು, ಬಿಟ್ಟ ದಿನ ಬೆವತು ನಡಗೂದು, ಇವು ಕುಡಿತ ಕೈ ಮೀರಿದ ಗುರ್ತ. ನೀವ ನೀವ ಒಮ್ಮೆಲೇ ಬಿಟ್ರ ಜೀವಕ್ಕ ಅಪಾಯ. ದಾಖಲಾಗ್ರಿ."

ಶಾಂತವ್ವ ಮಂಚದ ಮೇಲಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹತ್ತಿರ ಹೋಗಿ, "ತಪ್ಪ ನಂದು. ಸುಮ್ನ ನಿನ್ನ ಉಪಾಸ ಕೆಡವಿದೆ" ಎಂದೆ.

"ನನ್ನ ತಪ್ಪಿಗೆ ಅಂತ ಉಪಾಸ ಇರಲಿಲ್ರಿ ನಾ. ನಿಮ್ಮ ಕುಡಿತ ಬಿಡಸವ್ವಾ ಅಂತ ಇದ್ದೆ. ನಿಮಗ ಹೇಳಿದ್ರ ಕೇಳತಿರಲಿಲ್ಲ. ಅದಕ್ಕ ತಾಯಿಗಿ ಹೇಳಿದೆ" ಎಂದು ಗೋಡೆಯ ಕಡೆ ಹೊರಳಿದಳು.

ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಅಂದಿನಿಂದ ಸೆರೆ ಮುಟ್ಟಿಲ್ಲ, ಗುಳಿಗೆ ತಪ್ಪಿಸಿಲ್ಲ, ಕೈ ನಡುಕ ನಿಂತಿದೆ. ಶಾಂತವ್ವನ ಮೈ ಮಾತ್ರ ಇನ್ನೂ ಮೊದಲಿನಂತಾಗಿಲ್ಲ. ಭಕ್ತ ಬಂಧುಗಳೇ, ಸೆರೆ ಬಿಟ್ಟ ದಿನ ಕೈ ನಡುಗಿದರೆ ಮನೆಯವರಲ್ಲಿ ತಪ್ಪು ಹುಡುಕಬೇಡಿ, ದವಾಖಾನೆಗೆ ಹೋಗಿರಿ. ತಾಯಿಗೆ ನಾನು ಋಣಿ. ಆದರೆ ಆಕೆಯ ಮುಂದೆ ಕೈ ಮುಗಿದು ನಿಂತಾಗಲೆಲ್ಲ, ಅವತ್ತು ತಾಯಿ ಕಿವಿಗೊಟ್ಟದ್ದು ನನ್ನ ಮೊರೆಗಲ್ಲ, ಶಾಂತವ್ವನ ಮೊರೆಗೆ ಎಂಬುದು ನೆನಪಾಗಿ ತಲೆ ತಾನಾಗಿ ಬಾಗುತ್ತದೆ.