ಟೇಪು ದೇವಣ್ಣ
ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮಗ್ಗಗಳು ನಿಲ್ಲಬೇಕೆಂದರೆ ಒಂದೋ ಸಾವಾಗಬೇಕು, ಇಲ್ಲವೇ ಟೇಪು ದೇವಣ್ಣ ರೇಡಿಯೋ ಹಾಕಬೇಕು. ಪಕ್ಕದ ಮನೆಯ ಜಡೇಸ್ವಾಮಿಗೆ ಈ ಮನುಷ್ಯನ ಹೆಸರೆತ್ತಿದರೇ ಮೈ ಉರಿಯುತ್ತಿತ್ತು. ಮೈಸೂರಿನಿಂದ ಆ ಟೇಪ್ ರೆಕಾರ್ಡರನ್ನು ಬಸ್ಸಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ತಂದ ದಿನದಿಂದ, ಚಿತ್ರಗೀತೆ ಶುರುವಾಗುತ್ತಲೇ ದೇವಣ್ಣ ರೇಡಿಯೋದ ಬಾಯಿಗೆ ಮೈಕು ಹಿಡಿದು, "ಉಸ್ರು ಬುಡ್ಬೇಡಿ ಕಣ್ರಪ್ಪಾ, ಟೇಪು ಓಡ್ತಾ ಅದೆ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಹೀಗಾಗಿ ಅವನು ಟೇಪಿಗೆ ಹಿಡಿದ ಹಾಡುಗಳಿಗೆಲ್ಲ ಅವನ ಕೂಗೇ ಪಲ್ಲವಿ. ಒಗ್ಗರಣೆ ಸಿಡಿದರೆ ಹೆಂಡತಿಗೆ ಬೈಗುಳ, ನಾಯಿ ಬೊಗಳಿದರೆ ನಾಯಿಯ ವಂಶಕ್ಕೇ ಬೈಗುಳ. ಆಮೇಲೆ ಕೆಟ್ಟ ಹಾಡನ್ನು ಅಳಿಸಿ ಅದೇ ಟೇಪಿನ ಮೇಲೆ ಮತ್ತೆ ಹಿಡಿಯುವುದು. ಹೀಗೆ ಮಗ್ಗ ನಿಲ್ಲಿಸಿ ನಿಲ್ಲಿಸಿ, ಹೊತ್ತಿಗೆ ಕೊಡಬೇಕಿದ್ದ ಮದುವೆ ಸೀರೆ ಮಗ್ಗದಲ್ಲೇ ಉಳಿದ ಸಿಟ್ಟಿಗೆ ಜಡೇಸ್ವಾಮಿ ಒಂದು ದಿನ ಜಗಳಕ್ಕೆಂದೇ ಅವನ ಮನೆಗೆ ನುಗ್ಗಿದ. ಒಳಗೆ ಟೇಪಿನಲ್ಲಿ ಯಾವುದೋ ಹಳೆಯ ಹಾಡು. ಹಾಡಿಗಿಂತ ಜೋರಾಗಿ ಅದರ ಹಿಂದೊಂದು ಮಗ್ಗದ ಸದ್ದು. ಎರಡು ಬಡಿತ, ಒಂದು ತಡೆ. ನೋಯುವ ಮಂಡಿಯನ್ನು ಸುಧಾರಿಸಿಕೊಳ್ಳಲು ಹಾಗೆ ತಡೆದು ನೇಯುತ್ತಿದ್ದದ್ದು, ದೇವಣ್ಣ ಎಷ್ಟು ಕೂಗಿದರೂ ಮಗ್ಗ ನಿಲ್ಲಿಸದಿದ್ದದ್ದು, ಹೋದ ವರ್ಷ ತೀರಿಕೊಂಡ ಜಡೇಸ್ವಾಮಿಯ ಅಪ್ಪ ಮಾತ್ರ. "ಎಲ್ಲಾನೂ ಅಳಿಸ್ತೀಯಲ್ಲ, ಇದ್ನ ಯಾಕಣ್ಣ ಬುಟ್ಟೆ?" ಎಂದ ಜಡೇಸ್ವಾಮಿ, ದನಿ ಇಳಿಸಿ. "ಹಾಡ ರೇಡಿಯೋದೋರು ನಾಳೆನೂ ಹಾಕ್ತರೆ ಕಣ್ಲಾ. ನಿಮ್ಮಪ್ಪನ ಮಗ್ಗವ ಯಾರ್ ಹಾಕ್ತರು?" ಎಂದು ದೇವಣ್ಣ ಗದರಿದ. "ಈಗ ಬಾಯ್ ಮುಚ್ಕಂಡು ಕುಂತ್ಕೊ, ಟೇಪು ಓಡ್ತಾ ಅದೆ." ಜಡೇಸ್ವಾಮಿ ಉಸಿರು ಬಿಡದೆ ಕುಳಿತ.